ಒಂದೇ ದಿನ ಹುಟ್ಟಿದವರ ಪಟ್ಟಿಗೆ ಒಂದೇ ಅಳತೆಗೋಲು ಬೇಕು

ಸಂಪಾದಕರಿಗೆ,

ಮಾನ್ಯರೇ,

ಆಗಸ್ಟ್ 15 ಹತ್ತಿರವಾದಂತೆ ಬೆಳಗಾವಿ ಜಿಲ್ಲೆಯ ಶಾಲೆಗಳ ಫಲಕಗಳಲ್ಲಿ, ಬೆಳಗಿನ ಪ್ರಾರ್ಥನೆಯ ದಿನವಿಶೇಷದಲ್ಲಿ ಒಂದು ಪಟ್ಟಿ ಕಾಣಿಸುತ್ತದೆ. ಸಂಗೊಳ್ಳಿ ರಾಯಣ್ಣ, ಶ್ರೀ ಅರವಿಂದರು, ನೆಪೋಲಿಯನ್, ವಾಲ್ಟರ್ ಸ್ಕಾಟ್: ಇವರೆಲ್ಲ ಒಂದೇ ದಿನ ಹುಟ್ಟಿದವರು ಎಂದು ಮಕ್ಕಳು ಓದುತ್ತಾರೆ. ಇಂಥ ಪಟ್ಟಿಗಳಿಂದ ಮಕ್ಕಳಿಗೆ ಇತಿಹಾಸದಲ್ಲಿ ಆಸಕ್ತಿ ಹುಟ್ಟುತ್ತದೆ, ಅವು ಬೇಕು. ಆದರೆ ದಿನಪತ್ರಿಕೆಗಳ ಅಂಕಣಗಳಲ್ಲಿ, ತೂಗುಪಂಚಾಂಗಗಳಲ್ಲಿ, ವಾಟ್ಸಾಪ್‌ನಲ್ಲಿ ಹರಿದಾಡುವ ಪಟ್ಟಿಗಳಲ್ಲಿ ಬೇರೆ ಬೇರೆ ಕ್ಯಾಲೆಂಡರ್‌ಗಳ ದಿನಾಂಕಗಳನ್ನು, ಬೇರೆ ಬೇರೆ ತೂಕದ ಆಧಾರಗಳನ್ನು ಒಂದೇ ಸಾಲಿನಲ್ಲಿ ಇಟ್ಟುಬಿಡುತ್ತಾರೆ. ಇಬ್ಬರ ಜನ್ಮದಿನ ಒಂದೇ ಎಂದು ಹೇಳಬೇಕಾದರೆ ಎರಡೂ ದಿನಾಂಕಗಳನ್ನು ಒಂದೇ ಅಳತೆಗೋಲಿನಿಂದ ಅಳೆದಿರಬೇಕು. ಹಾಗೆ ಅಳೆಯುವುದು ಹೇಗೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿಸಲು ಈ ಪತ್ರ.

ಆಗಸ್ಟ್ 15ರ ಪಟ್ಟಿಯಿಂದಲೇ ಶುರುಮಾಡೋಣ. ಅರವಿಂದರು ಹುಟ್ಟಿದ್ದು 1872ರಲ್ಲಿ, ಕೊಲ್ಕತ್ತದಲ್ಲಿ. ಸ್ವಾತಂತ್ರ್ಯ ಬಂದ ದಿನ ತಮ್ಮ ಜನ್ಮದಿನವೂ ಆಗಿರುವುದನ್ನು ಅವರು 1947ರ ಆಗಸ್ಟ್ 15ರ ಸಂದೇಶದಲ್ಲಿ ತಾವೇ ಪ್ರಸ್ತಾಪಿಸಿದ್ದಾರೆ. ಸ್ಕಾಟ್ 1771ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದವರು. ಅಷ್ಟರಲ್ಲಿ ಬ್ರಿಟನ್ ಹೊಸ ಕ್ಯಾಲೆಂಡರ್‌ಗೆ ಬಂದಾಗಿತ್ತು. ನೆಪೋಲಿಯನ್ 1769ರಲ್ಲಿ ಕಾರ್ಸಿಕಾ ದ್ವೀಪದಲ್ಲಿ ಹುಟ್ಟಿದ. 1796ರ ಮದುವೆಯ ದಾಖಲೆಯಲ್ಲಿ ಅವನ ವಯಸ್ಸು ಸುಮಾರು ಒಂದೂವರೆ ವರ್ಷ ಹೆಚ್ಚಾಗಿಯೂ, ವಧು ಜೋಸೆಫೀನಳ ವಯಸ್ಸು ಕಡಿಮೆಯಾಗಿಯೂ ಬರೆಯಲಾಗಿತ್ತು. ಆದ್ದರಿಂದ ಹುಟ್ಟಿದ ತಾರೀಕಿಗೆ ಮದುವೆ ಪತ್ರವೊಂದನ್ನೇ ಆಧಾರ ಮಾಡಿಕೊಳ್ಳಬಾರದು. ಹುಟ್ಟಿನ ಹೊತ್ತಿಗೆ ಹತ್ತಿರದ ದಾಖಲೆಯೇ ಮೇಲು.

ರಾಯಣ್ಣನ ವಿಷಯ ಬೇರೆ. ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಜನನದ ತಾರೀಕು ಆಗಸ್ಟ್ 15 ಎಂದು ನಾಡೆಲ್ಲ ಆಚರಿಸುತ್ತದೆ. ಇಸವಿ ಮಾತ್ರ ಕೆಲವು ಪುಸ್ತಕಗಳಲ್ಲಿ 1796, ಕೆಲವದರಲ್ಲಿ 1798. ಮರಣದಂಡನೆ ಎಂದರೆ ಸರ್ಕಾರವೇ ನಡೆಸಿದ ಕೆಲಸ, ಅದಕ್ಕೆ ವಿಚಾರಣೆ, ಆದೇಶ, ಕಾಗದಪತ್ರ ಇರುತ್ತವೆ. ಹಳ್ಳಿಮನೆಯ ಹೆರಿಗೆಯನ್ನು ಬರೆದಿಡುವ ಸರ್ಕಾರಿ ಪುಸ್ತಕ ಆ ಕಾಲದ ಕಿತ್ತೂರು ಸೀಮೆಯಲ್ಲಿ ಇರಲಿಲ್ಲ. ಆದ್ದರಿಂದ ಜನವರಿ 26 ಎಂದು ಬರೆಯುವಾಗ ಇರುವ ಖಚಿತತೆ ಆಗಸ್ಟ್ 15 ಎಂದು ಬರೆಯುವಾಗ ಇರಲು ಬಾರದು. ‘ಜನನ: ಆಗಸ್ಟ್ 15, ಆಚರಣೆಯಂತೆ, ಇಸವಿ 1796 ಅಥವಾ 1798’ ಎಂದು ಬರೆದರೆ ರಾಯಣ್ಣನ ಗೌರವಕ್ಕೆ ಏನೂ ಕುಂದಿಲ್ಲ. ಒಂದು ಶಾಲೆಯ ಫಲಕದಲ್ಲಿ ಒಂದು ಇಸವಿ, ಪಕ್ಕದ ಊರಿನ ಪ್ರತಿಮೆಯ ಕೆಳಗೆ ಇನ್ನೊಂದು ಇಸವಿ ಓದಿ ಗಲಿಬಿಲಿಗೊಳ್ಳುವ ಮಗುವಿಗೆ ಉತ್ತರವೂ ಸಿಗುತ್ತದೆ.

ಕಿತ್ತೂರು ಚೆನ್ನಮ್ಮನ ದಿನಾಂಕದಲ್ಲಿ ಇನ್ನೊಂದು ಬಗೆಯ ಬೆರಕೆಯಾಗಿದೆ. 1824ರ ಅಕ್ಟೋಬರ್ 23 ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದ ದಿನ, ಕಿತ್ತೂರಿಗೆ ಜಯ ಸಿಕ್ಕ ದಿನ. ಕಿತ್ತೂರು ಉತ್ಸವ ಅದೇ ದಿನ ಶುರುವಾಗುತ್ತದೆ, ಚೆನ್ನಮ್ಮ ಜಯಂತಿಯೂ ಅಂದೇ. ಕಾಕತಿಯಲ್ಲಿ 1778ರಲ್ಲಿ ಹುಟ್ಟಿದ ರಾಣಿಯ ಜನ್ಮದಿನವೂ ಅಕ್ಟೋಬರ್ 23 ಎಂದು ಕೆಲವು ಕಡೆ ಅಚ್ಚಾಗಿದೆ, ನವೆಂಬರ್ 14 ಎಂದು ಇನ್ನು ಕೆಲವು ಕಡೆ. ಜಯದ ದಿನ, ಜಯಂತಿಯ ದಿನ, ಜನನದ ದಿನ ಈ ಮೂರನ್ನೂ ಬೇರೆ ಬೇರೆಯಾಗಿ ಬರೆಯುವವರೆಗೆ ‘ಅಕ್ಟೋಬರ್ 23ರಂದು ಹುಟ್ಟಿದ ಮಹನೀಯರು’ ಎಂಬ ಪಟ್ಟಿಗೆ ರಾಣಿಯ ಹೆಸರು ಸೇರಿಸಬಾರದು. ಯಾವ ಜಯಂತಿಯ ದಿನಾಂಕ ಕಂಡರೂ ಮೊದಲು ಕೇಳಬೇಕಾದ ಪ್ರಶ್ನೆ: ಇದು ಹುಟ್ಟಿದ ದಿನವೋ, ಆಚರಣೆಗೆ ಗೊತ್ತುಮಾಡಿದ ದಿನವೋ?

ಇನ್ನು ಕ್ಯಾಲೆಂಡರ್. ಅತಿ ಹೆಚ್ಚು ತಪ್ಪು ನುಸುಳುವುದು ಇಲ್ಲಿಯೇ. ಯುರೋಪಿನಲ್ಲಿ ಮೊದಲು ಇದ್ದದ್ದು ಜೂಲಿಯನ್ ಕ್ಯಾಲೆಂಡರ್. ಅದರಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಅಧಿಕ ದಿನ ಬರುತ್ತದೆ. ವರ್ಷದ ನಿಜವಾದ ಉದ್ದ 365.25 ದಿನಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಈ ನಿಮಿಷಗಳೇ ಶತಮಾನಗಳಲ್ಲಿ ಸೇರಿ ದಿನಗಳಾದವು. 1582ರಲ್ಲಿ ಪೋಪ್ 13ನೇ ಗ್ರೆಗರಿ ಹತ್ತು ದಿನ ತೆಗೆದುಹಾಕಿಸಿದರು. ಇಟಲಿ, ಸ್ಪೇನ್, ಪೋರ್ಚುಗಲ್‌ಗಳಲ್ಲಿ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಇಂಗ್ಲೆಂಡ್ ಮತ್ತು ಅದರ ವಸಾಹತುಗಳು ಬದಲಾದದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ರಷ್ಯಾ 1918ರ ವರೆಗೆ ಹಳೆಯದನ್ನೇ ಇಟ್ಟುಕೊಂಡಿತ್ತು. ಅಲ್ಲಿ ಜನವರಿ 31ರ ಮರುದಿನ ಫೆಬ್ರವರಿ 14 ಆಯಿತು.

ಹಳೆ ಲೆಕ್ಕದ, ಅಂದರೆ ಜೂಲಿಯನ್ ಕ್ಯಾಲೆಂಡರ್‌ನ ತಾರೀಕನ್ನು ಗ್ರೆಗರಿಯ ಹೊಸ ಲೆಕ್ಕಕ್ಕೆ ತರುವುದು ಕಷ್ಟವಲ್ಲ. 1582ರಿಂದ 1700ರ ಫೆಬ್ರವರಿ ಕೊನೆಯವರೆಗೆ 10 ದಿನ, ಅಲ್ಲಿಂದ 1800ರ ಫೆಬ್ರವರಿ ಕೊನೆಯವರೆಗೆ 11, 1900ರ ಫೆಬ್ರವರಿ ಕೊನೆಯವರೆಗೆ 12, ಆಮೇಲೆ 13 ದಿನ ಕೂಡಿಸಬೇಕು. ಅನೇಕರು ಈಗಿನ ಅಂತರವಾದ 13ನ್ನೇ ಎಲ್ಲ ಕಾಲಕ್ಕೂ ಕೂಡಿಸಿಬಿಡುತ್ತಾರೆ. ಲೆನಿನ್ ಹುಟ್ಟಿದ್ದು ಹಳೆ ಲೆಕ್ಕದಲ್ಲಿ 1870ರ ಏಪ್ರಿಲ್ 10. ಅದಕ್ಕೆ 12 ಕೂಡಿಸಿದರೆ ಏಪ್ರಿಲ್ 22, ಅದೇ ಸರಿ. 13 ಕೂಡಿಸಿದವರಿಗೆ ಏಪ್ರಿಲ್ 23 ಬರುತ್ತದೆ. ಎರಡನೆಯ ತಪ್ಪು ಎರಡು ಸಲ ಕೂಡಿಸುವುದು. ಟಾಲ್‌ಸ್ಟಾಯ್ ಹುಟ್ಟಿದ ದಿನ ಹಳೆ ಲೆಕ್ಕದಲ್ಲಿ 1828ರ ಆಗಸ್ಟ್ 28, ಹೊಸ ಲೆಕ್ಕದಲ್ಲಿ ಸೆಪ್ಟೆಂಬರ್ 9. ವಿಶ್ವಕೋಶದಲ್ಲಿ ಸೆಪ್ಟೆಂಬರ್ 9 ಎಂದೇ ಇದ್ದರೂ, ರಷ್ಯನ್ ಲೇಖಕ ಎಂಬ ಕಾರಣಕ್ಕೆ ಮತ್ತೆ 12 ದಿನ ಸೇರಿಸಿದರೆ ಸೆಪ್ಟೆಂಬರ್ 21 ಆಗಿಬಿಡುತ್ತದೆ. ಆದ್ದರಿಂದ ಕೂಡಿಸುವ ಮೊದಲು ಆ ತಾರೀಕು ಈಗಾಗಲೇ ಬದಲಾಗಿದೆಯೇ ಎಂದು ನೋಡಲೇಬೇಕು. ವಾರ ಗೊತ್ತಿದ್ದರೆ ಅದೇ ಒಳ್ಳೆಯ ಪರೀಕ್ಷೆ. ಕ್ಯಾಲೆಂಡರ್ ಬದಲಾದಾಗ ತಾರೀಕು ಜಿಗಿಯಿತೇ ಹೊರತು ವಾರದ ಸರಣಿ ಎಲ್ಲಿಯೂ ಮುರಿಯಲಿಲ್ಲ.

ಈ ಲೆಕ್ಕ ಮಾಡಿದರೆ ಕೆಲವು ಜೋಡಿಗಳು ಒಡೆಯುತ್ತವೆ, ಹೊಸ ಜೋಡಿಗಳು ಸಿಗುತ್ತವೆ. ಜರ್ಮನಿಯ ಗಯಟೆ 1749ರ ಆಗಸ್ಟ್ 28ರಂದು ಹೊಸ ಲೆಕ್ಕದಲ್ಲೇ ಹುಟ್ಟಿದವರು. ಟಾಲ್‌ಸ್ಟಾಯ್ ಅವರ ಆಗಸ್ಟ್ 28 ಹಳೆಯದು. ಇಬ್ಬರನ್ನೂ ಒಂದೇ ದಿನದವರೆಂದು ಬರೆಯುವುದು ತಪ್ಪು. ಅದೇ ಚೈಕೋವ್‌ಸ್ಕಿಯ ತಾರೀಕು ನೋಡಿ: ರಷ್ಯಾದ ಲೆಕ್ಕದಲ್ಲಿ 1840ರ ಏಪ್ರಿಲ್ 25. ಅದಕ್ಕೆ 12 ಕೂಡಿಸಿದರೆ ಮೇ 7. ಹ್ಯಾಂಬರ್ಗ್‌ನಲ್ಲಿ ಬ್ರಾಮ್ಸ್ ಹುಟ್ಟಿದ್ದು 1833ರ ಮೇ 7. ನಮ್ಮ ರವೀಂದ್ರನಾಥ ಠಾಕೂರರದು 1861ರ ಮೇ 7. ಸಂಗೀತ ಕಟ್ಟಿದ ಮೂವರು ಒಂದೇ ತಾರೀಕಿಗೆ ಸೇರುತ್ತಾರೆ, ಈ ಹೊಂದಿಕೆ ನಿಜವಾದದ್ದು. ಬಂಗಾಳದವರು ಮಾತ್ರ ಠಾಕೂರರ ಹುಟ್ಟುಹಬ್ಬವನ್ನು ತಮ್ಮ ಪಂಚಾಂಗದ ಬೈಶಾಖ 25ರಂದು ಮಾಡುತ್ತಾರೆ, ಅದು ಅಲ್ಲಿ ಮೇ 8ಕ್ಕೋ 9ಕ್ಕೋ ಬೀಳುತ್ತದೆ. ಪುಷ್ಕಿನ್ ಹಳೆ ಲೆಕ್ಕದಲ್ಲಿ 1799ರ ಮೇ 26ರಂದು ಹುಟ್ಟಿದರು. 11 ಕೂಡಿಸಿದರೆ ಜೂನ್ 6. ಅದು ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರರ ದಿನ! ಅವರು 1891ರ ಜೂನ್ 6ರಂದು ಹುಟ್ಟಿ, 1986ರ ಜೂನ್ 6ರಂದೇ ತೀರಿಕೊಂಡರು. 1875ರಲ್ಲಿ ಜರ್ಮನಿಯ ಕಾದಂಬರಿಕಾರ ಥಾಮಸ್ ಮನ್ ಹುಟ್ಟಿದ್ದೂ ಅದೇ ತಾರೀಕಿಗೆ. ರಷ್ಯದ ಸಣ್ಣಕತೆಗೂ ಕನ್ನಡದ ಸಣ್ಣಕತೆಗೂ ಅಡಿಪಾಯ ಹಾಕಿದ ಇಬ್ಬರು ಒಂದೇ ದಿನದವರೆಂದು ಹೇಳಲು ಎಷ್ಟು ಸಂತೋಷವಾಗುತ್ತದೆ! ಲೆಕ್ಕ ಸರಿಯಾಗಿರುವುದರಿಂದಲೇ ಧೈರ್ಯವಾಗಿ ಹೇಳಬಹುದು.

ಡಿಸೆಂಬರ್ 25ರ ಪಟ್ಟಿಯಲ್ಲಿ ಮದನ ಮೋಹನ ಮಾಳವೀಯ (1861), ಅಟಲ್ ಬಿಹಾರಿ ವಾಜಪೇಯಿ (1924) ಇವರ ಜೊತೆ ನ್ಯೂಟನ್ ಹೆಸರು ಸೇರಿಸುವುದುಂಟು. ನ್ಯೂಟನ್ ಅವರ 1642ರ ಡಿಸೆಂಬರ್ 25 ಇಂಗ್ಲೆಂಡಿನ ಹಳೆ ಲೆಕ್ಕ, ಹೊಸ ಲೆಕ್ಕದಲ್ಲಿ ಅದು 1643ರ ಜನವರಿ 4. ‘ಗೆಲಿಲಿಯೋ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದರು’ ಎಂಬ ಪ್ರಸಿದ್ಧ ವಾಕ್ಯವೂ ಇದರಿಂದಲೇ ಹುಟ್ಟಿದ್ದು. ಗೆಲಿಲಿಯೋ ನಿಧನದ 1642ರ ಜನವರಿ 8 ಇಟಲಿಯ ಹೊಸ ಲೆಕ್ಕದ್ದು, ಒಂದೇ ಲೆಕ್ಕಕ್ಕೆ ತಂದರೆ ಇಸವಿಯೇ ಬೇರೆಯಾಗುತ್ತದೆ. ಇಂಗ್ಲೆಂಡಿನಲ್ಲಿ 1751ರ ವರೆಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಬರೆದದ್ದು 1731ರ ಫೆಬ್ರವರಿ 11, ಈಗ ನಾವು ಬರೆಯುವುದು 1732ರ ಫೆಬ್ರವರಿ 22. ತಾರೀಕಿನ ಜೊತೆ ಇಸವಿಯೂ ಸರಿದಿದೆ. ಶೇಕ್ಸ್‌ಪಿಯರ್ ವಿಷಯದಲ್ಲಿ ದಾಖಲೆ ಇರುವುದು 1564ರ ಏಪ್ರಿಲ್ 26ರ ನಾಮಕರಣಕ್ಕೆ. ಏಪ್ರಿಲ್ 23 ಎಂಬುದು ರೂಢಿ.

ನಮ್ಮ ಪಂಚಾಂಗದ ಲೆಕ್ಕಕ್ಕೆ ಇನ್ನಷ್ಟು ಎಚ್ಚರ ಬೇಕು. ಬಸವನ ಬಾಗೇವಾಡಿಯಿಂದ ಕೂಡಲಸಂಗಮದವರೆಗೆ ಆಚರಿಸುವ ಬಸವ ಜಯಂತಿ ವೈಶಾಖ ಶುದ್ಧ ತದಿಗೆಗೆ, ಅಂದರೆ ಅಕ್ಷಯ ತದಿಗೆಗೆ. ಪರಶುರಾಮ ಜಯಂತಿಯೂ ಅದೇ ತಿಥಿಗೆ ಬರುತ್ತದೆ. ಇದು ತಿಥಿಯ ಹೊಂದಿಕೆ. 2024ರಲ್ಲಿ ಈ ತದಿಗೆ ಮೇ 10ಕ್ಕೆ, 2025ರಲ್ಲಿ ಏಪ್ರಿಲ್ 30ಕ್ಕೆ ಬಂತು. ಆ ವರ್ಷ ಬಿದ್ದ ಇಂಗ್ಲಿಷ್ ತಾರೀಕನ್ನು ಹಿಡಿದು ‘ಬಸವಣ್ಣನವರು ಮೇ 10ರಂದು ಹುಟ್ಟಿದರು’ ಎಂದು ಬರೆದ ಫಲಕ ಮರುವರ್ಷ ಸುಳ್ಳಾಗುತ್ತದೆ. ದವನದ ಹುಣ್ಣಿಮೆಗೆ ಅಕ್ಕಮಹಾದೇವಿ ಜಯಂತಿ, ನಮ್ಮ ಕಡೆ ಹನುಮ ಜಯಂತಿಯೂ ಅಂದೇ. ತಿಥಿಯನ್ನು ತಿಥಿಯೊಂದಿಗೆ, ತಾರೀಕನ್ನು ತಾರೀಕಿನೊಂದಿಗೆ ಮಾತ್ರ ಹೋಲಿಸಬೇಕು.

ಶಕ ವರ್ಷವನ್ನು ಇಸವಿಗೆ ತರುವಾಗ ಯುಗಾದಿಯಿಂದ ಡಿಸೆಂಬರ್ ಕೊನೆಯವರೆಗೆ 78, ಜನವರಿಯಿಂದ ಫಾಲ್ಗುಣ ಮುಗಿಯುವವರೆಗೆ 79 ಕೂಡಿಸಬೇಕು. ಎಲ್ಲಕ್ಕೂ 78 ಕೂಡಿಸಿದರೆ ಪುಷ್ಯದ ಕೊನೆ, ಮಾಘ, ಫಾಲ್ಗುಣದಲ್ಲಿ ಹುಟ್ಟಿದವರೆಲ್ಲ ಒಂದು ವರ್ಷ ಹಿರಿಯರಾಗುತ್ತಾರೆ. ಛತ್ರಪತಿ ಶಿವಾಜಿ ಮಹಾರಾಜರ ಜನನಕ್ಕೆ ಎರಡು ಪರಂಪರೆಗಳಿವೆ. ಒಂದು ಶಕ 1549ರ ವೈಶಾಖ ಶುದ್ಧ ಬಿದಿಗೆ, ಇನ್ನೊಂದು ಶಕ 1551ರ ಫಾಲ್ಗುಣ ಬಹುಳ ತದಿಗೆ. ಮೊದಲನೆಯದಕ್ಕೆ 78 ಸೇರಿ 1627, ಎರಡನೆಯದಕ್ಕೆ 79 ಸೇರಿ 1630. ಮಹಾರಾಷ್ಟ್ರ ಸರ್ಕಾರ ಅಂಗೀಕರಿಸಿರುವುದು ಎರಡನೆಯದನ್ನು, ಅದೇ ಫೆಬ್ರವರಿ 19. ಬೆಳಗಾವಿ ನಗರದಲ್ಲಿ ವೈಶಾಖದ ಆಚರಣೆಯೂ ನಡೆಯುವುದರಿಂದ ಮಕ್ಕಳು ಎರಡು ಶಿವಜಯಂತಿ ಯಾಕೆ ಎಂದು ಕೇಳುತ್ತಾರೆ. ಉತ್ತರ ಇದು.

ಈ ಫೆಬ್ರವರಿ 19 ಹಳೆ ಲೆಕ್ಕದ ತಾರೀಕು, ಹೊಸ ಲೆಕ್ಕದಲ್ಲಿ 1630ರ ಮಾರ್ಚ್ 1, ಎರಡರಲ್ಲೂ ಶುಕ್ರವಾರ. ಖಗೋಳಜ್ಞ ಕೊಪರ್ನಿಕಸ್ ಹುಟ್ಟಿದ್ದು 1473ರ ಫೆಬ್ರವರಿ 19, ಅದೂ ಹಳೆ ಲೆಕ್ಕವೇ. ಆದ್ದರಿಂದ ಇಬ್ಬರೂ ಹಳೆ ಲೆಕ್ಕದಲ್ಲಿ ಒಂದೇ ತಾರೀಕಿನವರು. ಇಬ್ಬರನ್ನೂ ಹೊಸದಕ್ಕೆ ತಂದರೆ ಕೊಪರ್ನಿಕಸ್ ಫೆಬ್ರವರಿ 28ಕ್ಕೆ ಹೋಗುತ್ತಾರೆ, ಯಾಕೆಂದರೆ ಆ ಶತಮಾನದ ಅಂತರ 9 ದಿನ. ಮಹಾರಾಣಾ ಪ್ರತಾಪರ 1540ರ ಮೇ 9 ಕೂಡ ಹಳೆಯದು, ಹೊಸದರಲ್ಲಿ ಮೇ 19. ಗೋಪಾಲಕೃಷ್ಣ ಗೋಖಲೆಯವರ 1866ರ ಮೇ 9 ಹೊಸದು. ಇವರಿಬ್ಬರನ್ನು ಜೋಡಿ ಮಾಡುವುದು ಸರಿಯಲ್ಲ. 1582ಕ್ಕಿಂತ ಹಿಂದಿನ ತಾರೀಕುಗಳನ್ನು ಹಳೆ ಲೆಕ್ಕದಲ್ಲೇ ಬಿಡುವುದು ಇತಿಹಾಸಕಾರರ ರೂಢಿ, ಅದನ್ನು ಪಾಲಿಸಿ. ಆದರೆ ಪಕ್ಕದಲ್ಲಿ ‘ಹಳೆ ಲೆಕ್ಕ’ ಎಂದು ಬರೆಯಿರಿ.

ಸಂವತ್ಸರದ ಹೆಸರು ಸಿಕ್ಕಿದರೆ ಇಸವಿಯನ್ನು ಪರೀಕ್ಷಿಸಬಹುದು. ನಮ್ಮ ಪದ್ಧತಿಯಲ್ಲಿ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಶೇಷವನ್ನು ಪ್ರಭವದಿಂದ ಎಣಿಸಬೇಕು. ಶಕ 1947ಕ್ಕೆ 12 ಸೇರಿದರೆ 1959, ಶೇಷ 39, ಅದು ವಿಶ್ವಾವಸು. ಶಕ 1551ಕ್ಕೆ ಶೇಷ 3, ಅದು ಶುಕ್ಲ. ಲೆಕ್ಕದ ಹೆಸರೂ ದಾಖಲೆಯಲ್ಲಿರುವ ಹೆಸರೂ ಒಂದು ಸಂವತ್ಸರದಷ್ಟು ವ್ಯತ್ಯಾಸವಾದರೆ ಗತ ಶಕ (ಮುಗಿದ ವರ್ಷಗಳ ಎಣಿಕೆ), ವರ್ತಮಾನ ಶಕ (ನಡೆಯುತ್ತಿರುವ ವರ್ಷವನ್ನೂ ಸೇರಿಸಿದ ಎಣಿಕೆ) ಇವುಗಳ ಗೊಂದಲವಿರಬಹುದು. ಹೆಚ್ಚು ವ್ಯತ್ಯಾಸವಿದ್ದರೆ ದಾಖಲೆಯನ್ನೇ ಇನ್ನೊಮ್ಮೆ ಓದಬೇಕು. ಬಹುಳ ಪಕ್ಷದ ತಿಥಿಗಳಲ್ಲಿ ತಿಂಗಳ ಹೆಸರೂ ಮೋಸ ಮಾಡುತ್ತದೆ. ನಾವು ಅಮಾವಾಸ್ಯೆಗೆ ತಿಂಗಳು ಮುಗಿಸುತ್ತೇವೆ, ಉತ್ತರದವರು ಹುಣ್ಣಿಮೆಗೆ. ಗಾಂಧೀಜಿ ಹುಟ್ಟಿದ ಭಾದ್ರಪದ ಬಹುಳ ದ್ವಾದಶಿ ಉತ್ತರದ ಪಂಚಾಂಗದಲ್ಲಿ ಆಶ್ವಿನದ್ದು. ಶುದ್ಧ ಪಕ್ಷದಲ್ಲಿ ಈ ತೊಡಕಿಲ್ಲ. ಸೂರ್ಯೋದಯದಿಂದ ದಿನ ಎಣಿಸುವ ನಮ್ಮ ಪದ್ಧತಿಯಲ್ಲಿ ಸೋಮವಾರ ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ಮಗುವಿನ ಜಾತಕದಲ್ಲಿ ಭಾನುವಾರ ಎಂದಿರುತ್ತದೆ. ಒಂದು ದಿನದ ವ್ಯತ್ಯಾಸ ಕಂಡಾಗ ಮೊದಲು ಇದನ್ನೇ ಶಂಕಿಸಿ.

ಇತ್ತೀಚಿನವರ ತಾರೀಕುಗಳೂ ನಿರ್ದೋಷವಲ್ಲ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಂಡ ತಲೆಮಾರು ನಮ್ಮ ಜಿಲ್ಲೆಗಳಲ್ಲಿ ದೊಡ್ಡದಿದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಆದ್ದರಿಂದ ಹಿರಿಯ ಸಾಹಿತಿ, ಕಲಾವಿದರ ಜೂನ್ 1ರ ತಾರೀಕು ಕಂಡರೆ ಮನೆಯವರನ್ನು, ಜಾತಕವನ್ನು ವಿಚಾರಿಸದೆ ಪಟ್ಟಿಗೆ ಸೇರಿಸಬೇಡಿ. ವಿಶ್ವೇಶ್ವರಯ್ಯನವರ ಸೆಪ್ಟೆಂಬರ್ 15ರ ಬಗ್ಗೆ ತಕರಾರಿಲ್ಲ, ಇಸವಿ ಮಾತ್ರ 1860 ಎಂದೂ 1861 ಎಂದೂ ಅಚ್ಚಾಗುತ್ತದೆ. ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲೇ ಇರುವಾಗ ನಮ್ಮ ಫಲಕಗಳಾದರೂ ಎರಡೂ ಇಸವಿ ಕಾಣಿಸಲಿ. ಅವರ ಜೊತೆ ಅದೇ ತಾರೀಕಿಗೆ ಶರತ್‌ಚಂದ್ರ ಚಟ್ಟೋಪಾಧ್ಯಾಯ (1876), ಅಗಾಥಾ ಕ್ರಿಸ್ಟಿ (1890), ಸಿ.ಎನ್. ಅಣ್ಣಾದುರೈ (1909) ಬರುತ್ತಾರೆ.

ಇಷ್ಟೊಂದು ಜೋಡಿಗಳು ಸಿಗುವುದು ಪವಾಡವೇ? ಅಲ್ಲ. ಗಣಿತದ ಮೇಷ್ಟರು ಇದನ್ನು ತರಗತಿಯಲ್ಲೇ ತೋರಿಸಬಹುದು. ಎರಡನೆಯವನ ಜನ್ಮದಿನ ಮೊದಲನೆಯವನದಕ್ಕಿಂತ ಬೇರೆಯಾಗಿರುವ ಸಂಭವ 364/365, ಮೂರನೆಯವನದು ಇಬ್ಬರಿಗಿಂತಲೂ ಬೇರೆಯಾಗಲು 363/365. ಹೀಗೆ ಗುಣಿಸುತ್ತ ಹೋಗಿ 23 ಜನರಿಗೆ ಬಂದಾಗ ಯಾರಾದರೂ ಇಬ್ಬರ ಜನ್ಮದಿನ ಒಂದೇ ಇರುವ ಸಂಭವ ಶೇ 50.7. 40 ಮಕ್ಕಳ ತರಗತಿಯಲ್ಲಿ ಶೇ 89, 57 ಜನರಲ್ಲಿ ಶೇ 99. 23 ಜನರಲ್ಲಿ 253 ಜೋಡಿಗಳಾಗುತ್ತವೆ ಎಂಬುದೇ ಇದರ ಗುಟ್ಟು. ಆದರೆ ಆಗಸ್ಟ್ 15ರಂಥ ಒಂದು ಗೊತ್ತಾದ ದಿನವೇ ಬೇಕೆಂದರೆ ಅರ್ಧದಷ್ಟು ಸಂಭವಕ್ಕೆ 253 ಜನ ಬೇಕು. ನೂರು ಮಹನೀಯರ ಪಟ್ಟಿಯಲ್ಲಿ ಸರಾಸರಿ 13ರಿಂದ 14 ಜೋಡಿ ತಾನಾಗಿಯೇ ಸಿಗುತ್ತವೆ. ಈ ಪಾಠಕ್ಕೆ ಹಳೆಯ ದಾಖಲಾತಿ ರಿಜಿಸ್ಟರ್ ಬಳಸಬೇಡಿ, ಜೂನ್ 1ರ ಗುಂಪು ಲೆಕ್ಕ ಕೆಡಿಸುತ್ತದೆ. ಜನನ ಪ್ರಮಾಣಪತ್ರದ ತಾರೀಕು ತೆಗೆದುಕೊಳ್ಳಿ. ಅಪರೂಪವಾದದ್ದು ದಿನ, ತಿಂಗಳು, ಇಸವಿ ಮೂರೂ ಹೊಂದುವುದು. 1809ರ ಫೆಬ್ರವರಿ 12ರ ಭಾನುವಾರ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಡಾರ್ವಿನ್, ಅಮೆರಿಕದ ಕೆಂಟಕಿಯಲ್ಲಿ ಲಿಂಕನ್ ಹುಟ್ಟಿದರು. ಒಬ್ಬರದು ಅನುಕೂಲಸ್ಥ ವೈದ್ಯರ ಮನೆ, ಇನ್ನೊಬ್ಬರದು ಮರದ ದಿಮ್ಮಿಗಳ ಗುಡಿಸಲು.

ನಮ್ಮ ಭಾಗದ ಶಾಲೆಗಳು ನಿಶ್ಚಿಂತೆಯಿಂದ ಬಳಸಬಹುದಾದ ಜೋಡಿಗಳು ಬೇಕಾದಷ್ಟಿವೆ. ವಿಜಯಪುರವನ್ನು ಕರ್ಮಭೂಮಿ ಮಾಡಿಕೊಂಡು ವಚನಗಳ ತಾಳೆಗರಿಗಳನ್ನು ಉಳಿಸಿದ ಫ.ಗು. ಹಳಕಟ್ಟಿಯವರು 1880ರ ಜುಲೈ 2ರಂದು ಹುಟ್ಟಿದರು. ಊರು ಧಾರವಾಡ, ವಿಜಯಪುರ ಎಂದು ಬರೆಯುವುದು ತಪ್ಪು. ಜರ್ಮನ್ ಲೇಖಕ ಹರ್ಮನ್ ಹೆಸ್ಸೆ 1877ರ ಜುಲೈ 2ರವರು. ವಿಜಯಪುರ ಜಿಲ್ಲೆಯ ಎಂ.ಎಂ. ಕಲಬುರ್ಗಿ 1938ರ ನವೆಂಬರ್ 28, ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್ 1757ರ ನವೆಂಬರ್ 28. ಬ್ಲೇಕ್ ಹುಟ್ಟುವ ಹೊತ್ತಿಗೆ ಇಂಗ್ಲೆಂಡ್ ಬದಲಾಗಿ ಐದು ವರ್ಷವಾಗಿತ್ತು, ಹಾಗಾಗಿ ಕೂಡಿಸುವುದೇನೂ ಇಲ್ಲ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು 1924ರ ಏಪ್ರಿಲ್ 8, ವಿಶ್ವಸಂಸ್ಥೆಯ ಕೋಫಿ ಅನ್ನಾನ್ 1938ರ ಏಪ್ರಿಲ್ 8. ಭೀಮಸೇನ ಜೋಶಿ, ಬಿರ್ಜು ಮಹಾರಾಜ್ ಇಬ್ಬರೂ ಫೆಬ್ರವರಿ 4ರವರು. ಶಿವರಾಮ ಕಾರಂತ (1902), ಆರ್.ಕೆ. ನಾರಾಯಣ್ (1906) ಇಬ್ಬರೂ ಅಕ್ಟೋಬರ್ 10. ಮೊರಾರ್ಜಿ ದೇಸಾಯಿ 1896ರ ಫೆಬ್ರವರಿ 29, ರುಕ್ಮಿಣಿದೇವಿ ಅರುಂಡೇಲ್ 1904ರ ಫೆಬ್ರವರಿ 29. ನಡುವಿನ 1900 ಅಧಿಕ ವರ್ಷವಲ್ಲ, ಆದ್ದರಿಂದ ಮೊರಾರ್ಜಿಯವರ ಮೊದಲ ಫೆಬ್ರವರಿ 29 ಎಂಟು ವರ್ಷದ ಮೇಲೆ, ರುಕ್ಮಿಣಿದೇವಿ ಹುಟ್ಟಿದ ದಿನವೇ ಬಂತು.

ತಮ್ಮ ಪತ್ರಿಕೆಯ ದಿನವಿಶೇಷ ಅಂಕಣಕ್ಕೆ ನಮ್ಮ ಕೋರಿಕೆ ಸಣ್ಣದು. ಹೆಸರಿನ ಮುಂದೆ ಇಸವಿ ಮತ್ತು ಹುಟ್ಟಿದ ಊರು ಇರಲಿ, ಊರು ಗೊತ್ತಾದರೆ ಯಾವ ಕ್ಯಾಲೆಂಡರ್ ಎಂಬುದನ್ನು ಓದುಗರೇ ಪರೀಕ್ಷಿಸಬಹುದು. ಹಳೆ ಲೆಕ್ಕದ ತಾರೀಕಿಗೆ ‘ಹ’, ತಿಥಿಯಿಂದ ಬಂದದ್ದಕ್ಕೆ ‘ತಿ’, ಆಚರಣೆಯ ದಿನಕ್ಕೆ ‘ಆ’ ಎಂಬ ಒಂದೊಂದು ಅಕ್ಷರ ಸಾಕು, ಜಾಗ ಹೆಚ್ಚು ಬೇಡ. ಎರಡು ಇಸವಿ ಇದ್ದಲ್ಲಿ ಎರಡನ್ನೂ ಅಚ್ಚುಮಾಡಿ. ತಪ್ಪು ಅಚ್ಚಾದಾಗ ತಿದ್ದುಪಡಿಯನ್ನು ಅದೇ ಅಂಕಣದಲ್ಲಿ, ಅದೇ ಜಾಗದಲ್ಲಿ ಹಾಕಿ. ಒಳಪುಟದ ಮೂಲೆಯಲ್ಲಿ ಹಾಕಿದರೆ, ಅಂಕಣವನ್ನಷ್ಟೇ ಕತ್ತರಿಸಿ ಫಲಕಕ್ಕೆ ಅಂಟಿಸುವ ಶಾಲೆಗಳಿಗೆ ಅದು ತಲುಪುವುದಿಲ್ಲ.

ಇಂತಿ,
ಇತಿಹಾಸ ಮತ್ತು ಗಣಿತ ಶಿಕ್ಷಕರು,
ಬೈಲಹೊಂಗಲ ತಾಲ್ಲೂಕು, ಬೆಳಗಾವಿ ಜಿಲ್ಲೆ